ಎಂಟು ಸೆಕೆಂಡಿನ ತಂಬೂರಿ

ಪುಣೆಯ ಸಂಗೀತಪ್ರೇಮಿಗಳಲ್ಲಿ ಚನ್ನವೀರ ಹೊಂಬಳ ಎಂಬ ಹೆಸರು ಕೇಳಿದವರು ಯಾರೂ ಇಲ್ಲ. ಅವನ ಎಡಗಿವಿಯನ್ನು ನೋಡಿದವರು ಮಾತ್ರ ಸಾವಿರಾರು ಜನ ಇದ್ದಾರೆ. ಗಾಯಕಿ ಇಂದೂತಾಯಿಯವರ ಕಚೇರಿಯ ಫೋಟೋ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅವರ ರೇಷ್ಮೆ ಸೀರೆಯ ಹೆಗಲಿನ ಹಿಂದೆ ತಂಬೂರಿಯ ಉದ್ದ ಕುತ್ತಿಗೆ ಕಾಣುತ್ತಿತ್ತು, ಅದಕ್ಕೆ ತಗುಲಿಕೊಂಡ ಹಾಗೆ ಒಂದು ಕಿವಿಯೂ ಕಾಣುತ್ತಿತ್ತು. ಫೋಟೋದ ಕೆಳಗೆ ಇಂದೂತಾಯಿಯವರ ಹೆಸರು ಇರುತ್ತಿತ್ತು, ತಬಲಾದ ಪ್ರಲ್ಹಾದನ ಹೆಸರು ಇರುತ್ತಿತ್ತು, ವೇದಿಕೆಗೆ ಹೂವು ಕೊಟ್ಟ ಅಂಗಡಿಯ ಹೆಸರೂ ಒಮ್ಮೊಮ್ಮೆ ಇರುತ್ತಿತ್ತು. ಕಿವಿಯ ಮಾಲೀಕನ ಹೆಸರು ಹಾಕಬೇಕೆಂದು ಯಾವ ಸಂಪಾದಕನಿಗೂ ತೋಚಲಿಲ್ಲ. ಚನ್ನವೀರನ ಹೆಂಡತಿ ರೇಣು ಆ ಫೋಟೋಗಳನ್ನೆಲ್ಲ ಕತ್ತರಿಸಿ ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟಿದ್ದಳು. ಮನೆಗೆ ಬಂದವರ ಮುಂದೆ ಡಬ್ಬಿ ತೆಗೆದು, "ಇದು ನಮ್ಮನಿಯವರ ಕಿವಿ ನೋಡ್ರಿ" ಎನ್ನುತ್ತಿದ್ದಳು. ಅವಳು ಹೆಮ್ಮೆಯಿಂದ ಹಾಗೆ ಹೇಳುತ್ತಿದ್ದಳೋ ಕುಚೋದ್ಯದಿಂದಲೋ ಎಂಬುದು ಚನ್ನವೀರನಿಗೆ ಎಷ್ಟು ವರ್ಷವಾದರೂ ತಿಳಿಯಲಿಲ್ಲ.

ನರಗುಂದದ ಕಡೆಯ ಈ ಮನುಷ್ಯ 1988ರಲ್ಲಿ ಪುಣೆಗೆ ಬಂದು ಲಕ್ಷ್ಮೀ ರಸ್ತೆಯ ಒಂದು ಬಟ್ಟೆ ಅಂಗಡಿಯಲ್ಲಿ ಬಟ್ಟೆ ಅಳೆಯುವ ಕೆಲಸಕ್ಕೆ ಸೇರಿದ. ಬಟ್ಟೆ ಅಳೆಯುವುದೆಂದರೆ ಏನು ಮಹಾ ಎಂದು ನೀವು ಕೇಳಬಹುದು. ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದರೆ ಗಿರಾಕಿಗೆ ಒಂದು ಬೆರಳು ಕಡಿಮೆ ಹೋಗುತ್ತದೆ, ಸಡಿಲ ಬಿಟ್ಟರೆ ಒಂದು ಬೆರಳು ಹೆಚ್ಚು ಹೋಗುತ್ತದೆ. ಮಾಲೀಕ ಎಳೆದು ಅಳೆಯಲು ಕಲಿಸಿದ್ದ. ಮಕ್ಕಳ ಸಮವಸ್ತ್ರಕ್ಕೆ ಬಟ್ಟೆ ಕೊಳ್ಳಲು ಬಂದ ತಾಯಂದಿರಿಗೆ ಚನ್ನವೀರ ಸಡಿಲ ಬಿಟ್ಟೇ ಅಳೆಯುತ್ತಿದ್ದ, ಮಾಲೀಕನ ಕಣ್ಣೆದುರಿಗೇ ಅಳೆಯುತ್ತಿದ್ದ, ಮಾಲೀಕನಿಗೆ ಒಮ್ಮೆಯೂ ಗೊತ್ತಾಗಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಒಂದು ಬೆರಳು ಆಚೀಚೆ ಮಾಡುವ ವಿದ್ಯೆ ಅವನ ಕೈಗೆ ಹತ್ತಿದ್ದು ಹೀಗೆ.

ಎರಡು ವರ್ಷದ ಮೇಲೆ ಒಂದು ಸಂಜೆ, ಅಂಗಡಿಯಿಂದ ಸೀರೆ ಕೊಟ್ಟು ಬರಲು ಸದಾಶಿವ ಪೇಠೆಯ ಇಂದೂತಾಯಿಯವರ ಮನೆಗೆ ಹೋದ. ಇಂದೂತಾಯಿ ಧಾರವಾಡದ ಕಡೆಯವರು, ಮದುವೆಯಾಗಿ ಪುಣೆಗೆ ಬಂದವರು. ಪುಣೆಯ ಜನ ಅವರ ಸಂಗೀತವನ್ನು ತಮ್ಮದೆಂದೇ ಹೇಳಿಕೊಳ್ಳುತ್ತಿದ್ದರು, ಅವರ ಮರಾಠಿಯನ್ನು ಮಾತ್ರ ಕನ್ನಡದ್ದೆಂದು ನಗುತ್ತಿದ್ದರು. ಆ ಸಂಜೆ ತಂಬೂರಿ ನುಡಿಸುವ ಶಿಷ್ಯೆಗೆ ಜ್ವರ ಬಂದಿತ್ತು. ಇಂದೂತಾಯಿ ಸೀರೆಯ ಪೊಟ್ಟಣ ಇಸಿದುಕೊಂಡು ಕನ್ನಡದಲ್ಲೇ ಕೇಳಿದರು.

"ಹಾಡ ಬರತದೇನು ನಿನಗ?"

"ಇಲ್ರಿ ಅಕ್ಕಾವ್ರ. ಊರಾಗ ಭಜನಿಗೆ ಏಕತಾರಿ ಹಿಡೀತಿದ್ದೆ, ಅಷ್ಟ."

"ಹಾಡ ಬರೂದಿಲ್ಲಾ? ಚೊಲೋ ಆತು. ಹಂಗಾರ ಕೂಡು."

ಅಂದು ಕೂತವನು ಹದಿನಾರು ವರ್ಷ ಎದ್ದೇಳಲಿಲ್ಲ. ಹಗಲು ಬಟ್ಟೆ, ಸಂಜೆ ತಂಬೂರಿ. ತಂಬೂರಿಯವನ ಕೆಲಸವನ್ನು ಬಲ್ಲವರು ಯಾರೂ ಕೆಲಸವೆಂದು ಕರೆಯುವುದಿಲ್ಲ. ನಾಲ್ಕು ತಂತಿ, ಒಂದಾದ ಮೇಲೆ ಒಂದು, ಮೂರು ತಾಸು. ತಪ್ಪಿದರೆ ಎಲ್ಲರಿಗೂ ಕೇಳಿಸುತ್ತದೆ, ತಪ್ಪದಿದ್ದರೆ ಯಾರಿಗೂ ಕೇಳಿಸುವುದಿಲ್ಲ.

ಆ ಮನೆಯಲ್ಲಿ ಎರಡು ನಿಯಮಗಳಿದ್ದವು. ತಂಬೂರಿ ತಪ್ಪುವುದಿಲ್ಲ ಎಂಬುದು ಒಂದು. ಹಾಡುವವರು, ತಬಲಾದವರು, ಕೇಳುವವರು ಎಲ್ಲರೂ ಅದಕ್ಕೆ ತಲೆಬಾಗಬೇಕು. ಇಂದೂತಾಯಿ ತಪ್ಪುವುದಿಲ್ಲ ಎಂಬುದು ಇನ್ನೊಂದು. ಅವರ ಷಡ್ಜ ಎಂದರೆ ಪುಣೆಯಲ್ಲಿ ದೊಡ್ಡ ಮಾತು. ಮೂರು ತಾಸು ಹಾಡಿದರೂ ಕೊನೆಯ 'ಸಾ' ಮೊದಲಿನ 'ಸಾ' ನಿಂತಲ್ಲೇ ನಿಂತಿರುತ್ತದೆ ಎಂದು ಒಬ್ಬ ವಿಮರ್ಶಕ ವರ್ಷಕ್ಕೆ ಎರಡು ಸಲ ಬರೆಯುತ್ತಿದ್ದ. ಆ ಮಹಾಶಯ ಕಚೇರಿಯ ಮಧ್ಯದಲ್ಲಿ ವಡಾ ತಿನ್ನಲು ಹೋಗಿ ಮುಕ್ಕಾಲು ತಾಸು ಹೊರಗೇ ಇರುತ್ತಿದ್ದದ್ದು ಬೇರೆ ಮಾತು.

ತಾಯಿಯವರಿಗೆ ಒಂದೆರಡು ಹಟಗಳೂ ಇದ್ದವು. ವೇದಿಕೆಯ ಮೇಲೆ ಹಾರ್ಮೋನಿಯಂ ಕೂಡದು. "ಗಂಟಲಿಲ್ಲದವರಿಗೆ ಬೇಕು ಅದು" ಎನ್ನುತ್ತಿದ್ದರು. ಎಲ್ಲ ಗಾಯಕರೂ ಎರಡು ತಂಬೂರಿ ಇಟ್ಟುಕೊಂಡು ಕೂಡುತ್ತಾರೆ, ಇವರಿಗೆ ಒಂದೇ ಸಾಕು. "ಎರಡ ತಂಬೂರಿ ಅಂದ್ರ ಎರಡ ಅತ್ತಿ ಇದ್ದ ಮನಿ ಇದ್ದಂಗ. ಯಾರ ಮಾತು ಕೇಳೋದು?" ಎಂದು ನಕ್ಕುಬಿಡುತ್ತಿದ್ದರು. ದೊಡ್ಡವರ ಹಟಕ್ಕೆ ಕಾರಣ ಹುಡುಕುವ ಪದ್ಧತಿ ನಮ್ಮಲ್ಲಿ ಇಲ್ಲವಾದ್ದರಿಂದ ಶಿಷ್ಯರು ಅದನ್ನೇ ಘರಾಣೆಯ ಲಕ್ಷಣವೆಂದು ವಹಿಯಲ್ಲಿ ಬರೆದುಕೊಂಡರು.

1994ರ ಜುಲೈನಲ್ಲಿ ಲೋಣಾವಳಾದ ಒಂದು ಹೋಟೆಲಿನಲ್ಲಿ ಕಾರ್ಯಕ್ರಮ. ಒಬ್ಬ ಚಿಕ್ಕಿ ವ್ಯಾಪಾರಿಯ ಮದುವೆಯ ಬೆಳ್ಳಿಹಬ್ಬ. ಹೊರಗೆ ಮಳೆ ಹಿಡಿದು ಮೂರು ದಿನವಾಗಿತ್ತು, ಕಿಟಕಿಯಿಂದ ಮಂಜು ಒಳಗೇ ಬರುತ್ತಿತ್ತು. ನಿಧಾನದ ಖಯಾಲು ಅರ್ಧ ತಾಸು ದಾಟಿದಾಗ ಚನ್ನವೀರನ ಕಿವಿಗೆ ಏನೋ ಚುಚ್ಚಿತು. ತಂತಿ ಏರಿತೇ? ಏರಿರಲಿಲ್ಲ. ಇಂದೂತಾಯಿ ಇಳಿದಿದ್ದರು. ಒಂದು ಕೂದಲೆಳೆಯಷ್ಟು, ಆದರೆ ಇಳಿದಿದ್ದರು. ಗುರುಗಳ ಮನೆಯ ಎರಡೂ ನಿಯಮಗಳು ಅವನ ಕಣ್ಣೆದುರಿಗೇ ಒಂದಕ್ಕೊಂದು ಡಿಕ್ಕಿ ಹೊಡೆಯಲು ಹೊರಟಿದ್ದವು.

ತಂಬೂರಿಯ ಬುರುಡೆಯ ಮೇಲೆ, ತಂತಿಗಳನ್ನು ಹೊತ್ತ ಘೋಡಿಯ ಕೆಳಗೆ, ಒಂದೊಂದು ತಂತಿಗೂ ಒಂದೊಂದು ಮಣಿ ಪೋಣಿಸಿರುತ್ತಾರೆ. ಮಣಿಯನ್ನು ಘೋಡಿಯ ಕಡೆಗೆ ಸರಿಸಿದರೆ ಸ್ವರ ತುಸು ಇಳಿಯುತ್ತದೆ, ಆಚೆ ಸರಿಸಿದರೆ ಏರುತ್ತದೆ. ಚನ್ನವೀರನ ಬಲಗೈ ಮೀಟುತ್ತಲೇ ಇತ್ತು. ಎಡಗೈ ಮಾತ್ರ ಅವನನ್ನು ಕೇಳದೆಯೇ ಮಣಿಯ ಹತ್ತಿರ ಹೋಯಿತು. ಒಂದು ತಂತಿ, ಆಮೇಲೆ ಇನ್ನೊಂದು, ನಾಲ್ಕೂ ತಂತಿಗಳನ್ನು ಸಾಲಾಗಿ ಗುರುಗಳು ಇಳಿದಲ್ಲಿಗೆ ಇಳಿಸಿದ. ದನಿಯೂ ತಂಬೂರಿಯೂ ಮತ್ತೆ ಬೆರೆತವು. ಚಿಕ್ಕಿ ವ್ಯಾಪಾರಿ "ವ್ಹಾ!" ಎಂದ. ಪ್ರಲ್ಹಾದ ಮಾತ್ರ ತಬಲಾಕ್ಕೆ ಸುತ್ತಿಗೆ ಬಡಿಯುತ್ತ ಲೋಣಾವಳಾದ ಹವೆಯನ್ನು ಬೈದ. ಚನ್ನವೀರ ಮಾಡಿದ್ದು, ಚಕ್ಕಡಿ ದಾರಿ ತಪ್ಪಿದರೆ ಊರನ್ನೇ ಎತ್ತಿ ಚಕ್ಕಡಿ ನಿಂತಲ್ಲಿಗೆ ತಂದಿಟ್ಟಂಥ ಕೆಲಸ. ಮರುದಿನ ಲೋಕಲ್ ರೈಲಿನಲ್ಲಿ ಇಂದೂತಾಯಿ ಅವನ ಕೈಗೆ ಒಂದು ಪೊಟ್ಟಣ ಚಿಕ್ಕಿ ಕೊಟ್ಟು, "ಮಳ್ಯಾಗೂ ತಂಬೂರಿ ಚೊಲೋ ನಿಂತಿತ್ತು" ಎಂದರು. ಅಷ್ಟೇ.

ಅಂದಿನಿಂದ ಅದು ಅವನ ನಿತ್ಯದ ಕೆಲಸವಾಯಿತು. ತಾಯಿಯವರ ವಯಸ್ಸು ಏರಿದ ಹಾಗೆಲ್ಲ ಷಡ್ಜ ಇಳಿಯುತ್ತಿತ್ತು, ಚನ್ನವೀರ ಇಳಿಸುತ್ತಿದ್ದ, ಪ್ರಲ್ಹಾದ ಹವೆಯನ್ನು ಬೈಯುತ್ತಿದ್ದ, ವಿಮರ್ಶಕ ವಡಾ ತಿಂದು ಬಂದು 'ಅಚಲ ಷಡ್ಜ' ಎಂದು ಬರೆಯುತ್ತಿದ್ದ. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ನಿಷ್ಠೆಯಿಂದ ಮಾಡುತ್ತಿದ್ದರು. ಚನ್ನವೀರ ಈ ಗುಟ್ಟನ್ನು ರೇಣುವಿಗೂ ಹೇಳಲಿಲ್ಲ. ಅವನಿಗೆ ಗುರುಗಳ ಮೇಲೆ ಭಕ್ತಿ ಇತ್ತು, ಸುಳ್ಳಲ್ಲ. ಆದರೆ ತಾನಿಲ್ಲದಿದ್ದರೆ ಈ ಅಚಲ ಷಡ್ಜದ ಗತಿ ಏನು ಎಂಬ ಸಣ್ಣ ಕೊಬ್ಬೂ ಅದರ ಜತೆಗೇ ಬೆಳೆದಿತ್ತು. ಬೆನ್ನ ಹಿಂದೆ ಕೂತವನಿಗೆ ಆ ಜಾಗವೊಂದೇ ಆಸ್ತಿ. ಅವನು ಅದನ್ನು ಯಾರೂ ಕಸಿಯಲಾರರು ಎಂದುಕೊಂಡಿದ್ದ.

ಕಸಿಯಲು 2006ರಲ್ಲಿ ವಿನೀತ ಬಂದ. ಇವನು ಬೆಳಗಾವಿ ಮೂಲದ ಮನೆತನದ, ಪುಣೆಯಲ್ಲೇ ಬೆಳೆದ ತರುಣ, ಮಗರಪಟ್ಟಾದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ, ಶನಿವಾರಕ್ಕೊಮ್ಮೆ ಇಂದೂತಾಯಿಯವರ ಶಿಷ್ಯ. ಕಂಪನಿ ಅವನನ್ನು ಒಂದು ವರ್ಷ ಜರ್ಮನಿಗೆ ಕಳಿಸಿತ್ತು. ಅಲ್ಲಿಂದ ಬಂದವರು ಚಾಕೊಲೇಟ್ ತರುತ್ತಾರೆ. ವಿನೀತ ಮಕ್ಕಳ ಸಂದೂಕದಷ್ಟು ದೊಡ್ಡದೊಂದು ಪೆಟ್ಟಿಗೆ ತಂದ. ಮುಚ್ಚಳ ತೆಗೆದರೆ ಒಳಗೆ ಗುಂಡಿಗಳು, ತೂತುಗಳು, ಮಿಣಿಮಿಣಿ ದೀಪಗಳು, ಒಂದು ತೂತಿನಿಂದ ಇನ್ನೊಂದಕ್ಕೆ ಜೋತುಬಿದ್ದ ಬಣ್ಣಬಣ್ಣದ ವಾಯರು. ಮಾಡ್ಯುಲರ್ ಸಿಂಥಸೈಜರ್ ಎಂದು ಹೆಸರಂತೆ. ಬೇಕಾದ ಭಾಗಗಳನ್ನು ಬೇಕಾದ ಹಾಗೆ ಸೇರಿಸಿಕೊಂಡು ನಾದ ಹುಟ್ಟಿಸುವ ಯಂತ್ರ.

"ಇದರಾಗ ಮೇನ್ ಅಂದ್ರ ಈ ನಾಲ್ಕು ಸ್ಯಾಂಪ್ಲರ್, ತಾಯಿ" ಎಂದು ವಿನೀತ ನಾಲ್ಕು ಪಟ್ಟಿಗಳನ್ನು ತೋರಿಸಿದ. "ಯಾವ ಸೌಂಡ್ ಕೊಟ್ರೂ ಎರಡು ಸೆಕೆಂಡ್ ಹಿಡಿದು ಇಟ್ಕೋತದ. ಸಿಗ್ನಲ್ ಕೊಟ್ಟಾಗೊಮ್ಮೆ ಅದನ್ನ ವಾಪಸ್ ನುಡಸ್ತದ. ಎಷ್ಟು ಎತ್ತರದಾಗ ನುಡಸಬೇಕು ಅನ್ನೋದನ್ನ ವೋಲ್ಟೇಜ್ ಡಿಸೈಡ್ ಮಾಡ್ತದ. ಒಂದು ವೋಲ್ಟ್ ಹೆಚ್ಚಾದ್ರ ಪೂರಾ ಒಂದು ಸಪ್ತಕ ಮ್ಯಾಲ. ಚೂರು ಕಡಿಮಿ ಆದ್ರ ಚೂರು ಕೆಳಗ. ನಾಲ್ಕಕ್ಕೂ ಸೇರಿ ಒಂದ ಗುಂಡಿ."

ಪ್ರಲ್ಹಾದ ತಬಲಾದ ಮೇಲೆ ಕೈಯಿಟ್ಟು ಕೇಳಿದ. "ನಮ್ಮ ಮನ್ಯಾಗ ವೋಲ್ಟೇಜ್ ಇಳದ್ರ ಫ್ಯಾನು ನಿಲ್ತದ. ಹಂಗ ತಾಯಿಯವರ ಗಾಯನಾನೂ ನಿಲ್ತದೇನೋ?"

"ಆ ವೋಲ್ಟೇಜ್ ಬ್ಯಾರೆ, ಪ್ರಲ್ಹಾದ ಕಾಕಾ. ಇದು ಒಳಗಿಂದು, ಒಂದು ಪಾಯಿಂಟೂ ಅಲುಗಾಡಂಗಿಲ್ಲ."

ಚನ್ನವೀರನನ್ನು ಕೂಡಿಸಿ ಮೈಕು ಹಿಡಿದರು. ಪಂಚಮದ ತಂತಿ, ಎರಡು ಸೆಕೆಂಡು. ಜೋಡಿ ತಂತಿಗಳು, ಎರಡೆರಡು ಸೆಕೆಂಡು. ಖರ್ಜದ, ಎಂದರೆ ಕೆಳ ಷಡ್ಜದ ದಪ್ಪ ತಂತಿ, ಎರಡು ಸೆಕೆಂಡು. "ಪರ್ಫೆಕ್ಟ್, ಕಾಕಾ! ಆತು" ಎಂದ ವಿನೀತ. ಹದಿನಾರು ವರ್ಷದ ನೌಕರಿ ಎಂಟು ಸೆಕೆಂಡಿನಲ್ಲಿ ಮುಗಿದಿತ್ತು. ವಿನೀತ ವಾಯರು ಚುಚ್ಚಿದ, ದೀಪಗಳು ಒಂದರ ಹಿಂದೆ ಒಂದು ಹತ್ತಿದವು, ಚನ್ನವೀರನ ಬೆರಳು ಚನ್ನವೀರ ಇಲ್ಲದೆಯೇ ಮೀಟತೊಡಗಿತು. ಅವನಿಗೆ ತನ್ನ ಅಂಗಿಯನ್ನು ಬೇರೆ ಯಾರೋ ಹಾಕಿಕೊಂಡು ಎದುರಿಗೆ ಅಡ್ಡಾಡಿದ ಹಾಗಾಯಿತು. ವಿನೀತ ಉದಾರಿ. "ನೀವೂ ಒಮ್ಮೆ ತಿರುಗಿಸಿ ನೋಡ್ರಿ" ಎಂದು ಆ ಒಂದು ಗುಂಡಿಯನ್ನು ತೋರಿಸಿದ. ಚನ್ನವೀರ ಬೆರಳಿಟ್ಟು ಒಂದು ಉಸಿರಿನಷ್ಟು ತಿರುಗಿಸಿದ. ನಾಲ್ಕೂ ತಂತಿಗಳು ಒಟ್ಟಿಗೇ ಇಳಿದವು. ನಾಲ್ಕು ಮಣಿಗಳಿಗೆ ನಾಲ್ಕು ಸಲ ಪಡುತ್ತಿದ್ದ ಕಷ್ಟ ಒಂದು ಗುಂಡಿಯಲ್ಲಿ! ಹೊಟ್ಟೆ ಉರಿಯುವಾಗಲೂ ಅವನಿಗೆ ಅದರ ಮೇಲೆ ಆಸೆಯಾಯಿತು.

ಇಂದೂತಾಯಿ ಕಣ್ಣು ಮುಚ್ಚಿ ಹತ್ತು ನಿಮಿಷ ಕೇಳಿದರು. ಆಮೇಲೆ, "ಚನ್ನವೀರಾ, ನಿನಗೂ ಐವತ್ತರ ಹತ್ರ ಬಂತು. ಬೆನ್ನು ನೋಯ್ತದ ಅಂತಿದ್ದಿ. ಒಂದೀಟು ವಿಶ್ರಾಂತಿ ತಗೋ" ಎಂದರು.

ಬೆನ್ನು ನೋಯುತ್ತದೆ ಎಂದು ಅವನು ಹೇಳಿದ್ದು 1998ರಲ್ಲಿ, ಒಂದೇ ಸಲ. "ಹೌದ್ರಿ" ಎಂದ.

ಪೂರ್ತಿ ವಿಶ್ರಾಂತಿ ಕೂಡಲೇ ಸಿಗಲಿಲ್ಲ. ಕರೆಂಟು ಹೋದರೆ ಪೆಟ್ಟಿಗೆಗೆ ಎಲ್ಲ ಮರೆತುಹೋಗುತ್ತಿತ್ತು. ಪುಣೆಯಲ್ಲಿ ಆ ವರ್ಷ ಕರೆಂಟು ಹೋಗದ ದಿನವೇ ಇರಲಿಲ್ಲ. ಆಗೆಲ್ಲ ಚನ್ನವೀರ ಅಂಗಡಿಯಿಂದ ಸೈಕಲ್ ಹೊಡೆದುಕೊಂಡು ಬಂದು ಎಂಟು ಸೆಕೆಂಡು ಮೀಟಿ ಹೋಗಬೇಕಾಗುತ್ತಿತ್ತು. ವಿನೀತ ಇದಕ್ಕೆ 'ಮೈನರ್ ಇಶ್ಯೂ' ಎಂದು ಹೆಸರಿಟ್ಟಿದ್ದ. ತಿಂಗಳೊಳಗೆ ಒಂದು ಬ್ಯಾಟರಿ ಜೋಡಿಸಿ ಆ ಇಶ್ಯೂವನ್ನೂ ಮುಗಿಸಿದ. ಅಲ್ಲಿಗೆ ಚನ್ನವೀರನ ಎಂಟು ಸೆಕೆಂಡೂ ಹೋಯಿತು.

ಪೆಟ್ಟಿಗೆಯ ಮೊದಲ ಕಚೇರಿ ತಳೇಗಾಂವ ದಾಭಾಡೆಯ ಹೊಸ ಕಾಲನಿಯೊಂದರ ಸಭಾಗೃಹದಲ್ಲಿ ಇತ್ತು. ಚನ್ನವೀರನಿಗೆ ಮೂರನೆಯ ಸಾಲಿನ ಪಾಸು ಬಂತು. ಹೊರಡುವಾಗ ರೇಣು ಇಸ್ತ್ರಿ ಮಾಡಿದ ಅಂಗಿ ಕೈಗಿಟ್ಟು, "ಹದಿನಾರು ವರ್ಷ ಹಿಂದ ಕೂತು ಬೆನ್ನು ನೋಡೀರಿ. ಈಗ ಮುಂದ ಕೂತು ಮುಖಾ ನೋಡಿ ಬರ್ರಿ" ಎಂದಳು. ಅವನು ನಗಲು ಹೋದ. ಆಗದೆ ಅಂಗಿ ತೊಟ್ಟು ಹೊರಟ.

ಮುಖ ನೋಡಿ ಅವನಿಗೆ ಏನೂ ತಿಳಿಯಲಿಲ್ಲ. ಅವನು ಓದಲು ಕಲಿತದ್ದು ಬೆನ್ನನ್ನು. ಆದರೆ ಕಿವಿ ಕೇಳುತ್ತಿತ್ತು. ನಲವತ್ತು ನಿಮಿಷಕ್ಕೆ ಇಂದೂತಾಯಿ ಮೆಲ್ಲಗೆ ಇಳಿದರು. ಪೆಟ್ಟಿಗೆ ಇಳಿಯಲಿಲ್ಲ. ಏಕೆ ಇಳಿಯಬೇಕು? ಅದಕ್ಕೆ ಗುರುವಿಲ್ಲ, ಭಕ್ತಿಯಿಲ್ಲ, ಚಿಕ್ಕಿ ತಿಂದ ಋಣವಿಲ್ಲ. ದನಿಗೂ ತಂಬೂರಿಗೂ ನಡುವೆ ಒಂದು ಸಂದಿ ಬಿತ್ತು, ಮೊದಲು ಸೂಜಿ ತೂರುವಷ್ಟು, ಆಮೇಲೆ ಬೆರಳು ತೂರುವಷ್ಟು. ಜನ ಕುರ್ಚಿಯಲ್ಲಿ ಅಲುಗಾಡಿದರು. ಪ್ರಲ್ಹಾದ ತಬಲಾವನ್ನು ಒಮ್ಮೆ ಏರಿಸಿದ, ಒಮ್ಮೆ ಇಳಿಸಿದ, ಯಾರ ಜತೆ ಸೇರಬೇಕೆಂದು ತಿಳಿಯದೆ ಸುತ್ತಿಗೆ ಕೆಳಗಿಟ್ಟ. ಮೂರನೆಯ ಸಾಲಿನಲ್ಲಿ ಚನ್ನವೀರನ ಎಡಗೈ ಅವನದೇ ಅಂಗಿಯ ಗುಂಡಿಯನ್ನು ಹಿಡಿದು ಮೇಲಕ್ಕೆ ಸರಿಸುತ್ತಿತ್ತು. ಗುಂಡಿ ಕಿತ್ತು ಕೈಗೆ ಬಂತು.

ಇಂದೂತಾಯಿ ಹಾಡು ನಿಲ್ಲಿಸಿ, "ಪೆಟ್ಟಿಗಿ ಏರೇದ" ಎಂದರು.

ವಿನೀತ ವೇದಿಕೆಗೆ ಓಡಿಬಂದು ಸ್ವರ ಅಳೆಯುವ ಸಣ್ಣ ಉಪಕರಣ ಹಿಡಿದು ನೋಡಿದ. ಅಂಕಿಗಳು ಹೊಸ ರೂಪಾಯಿಯ ಹಾಗೆ ಹೊಳೆಯುತ್ತಿದ್ದವು. ಪೆಟ್ಟಿಗೆ ಒಂದು ಕೂದಲೆಳೆಯೂ ಏರಿರಲಿಲ್ಲ. ಪಾಪ, ಅವನು ಉಪಕರಣವನ್ನು ಕಿಸೆಗೆ ಹಾಕಿಕೊಂಡ. ತಂಬೂರಿ ತಪ್ಪುವುದಿಲ್ಲ, ತಾಯಿ ತಪ್ಪುವುದಿಲ್ಲ, ಯಂತ್ರವಂತೂ ತಪ್ಪುವುದೇ ಇಲ್ಲ. ಮೂವರು ನಿರಪರಾಧಿಗಳ ನಡುವೆ ಅಪರಾಧ ಮಾತ್ರ ಎಲ್ಲರ ಎದುರಿಗೆ ಕೂತಿತ್ತು. ಆಗ ಕಾಲನಿಯ ಅಧ್ಯಕ್ಷರು ಎದ್ದು ಮೈಕು ಹಿಡಿದು, ನಮ್ಮ ಭಾಗದಲ್ಲಿ ವೋಲ್ಟೇಜು ಸರಿಯಿಲ್ಲ, ಕ್ಷಮಿಸಬೇಕು ಎಂದು ಮರಾಠಿಯಲ್ಲಿ ಕೈಮುಗಿದರು. ಇಡೀ ಸಭೆ ನಿಟ್ಟುಸಿರು ಬಿಟ್ಟಿತು. ವೋಲ್ಟೇಜು! ಫ್ರಿಜ್ಜು ಸುಟ್ಟದ್ದು, ಟೀವಿ ಕೆಟ್ಟದ್ದು, ಮಗ ಪರೀಕ್ಷೆಯಲ್ಲಿ ಢುಮ್ಕಿ ಹೊಡೆದದ್ದು ಎಲ್ಲಕ್ಕೂ ಅದೇ ಕಾರಣವಾಗಿರುವಾಗ ಇದಕ್ಕೂ ಅದೇ ಆಗಲಿ. ಜನ ಸಂತೋಷದಿಂದ ಕರೆಂಟಿನವರನ್ನು ಬೈಯುತ್ತ ಚಹಾಕ್ಕೆ ಎದ್ದರು.

ಚನ್ನವೀರನಿಗೆ ಆ ಹೊತ್ತು ಎಷ್ಟು ಖುಷಿಯಾಯಿತೆಂದು ಅವನು ಯಾರಿಗೂ ಹೇಳುವಂತಿರಲಿಲ್ಲ. ಬಸ್ಸಿನಲ್ಲಿ ಬರುವಾಗ ಖುಷಿ ಇಳಿದು ನಾಚಿಕೆ ಉಳಿಯಿತು. ಗುರುಗಳು ಎಡವಿದಾಗ ಮೂರನೆಯ ಸಾಲಿನಲ್ಲಿ ಕೂತು ಖುಷಿಪಡುವ ಮನುಷ್ಯನಾಗಿಬಿಟ್ಟೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು.

2007ರ ಜನವರಿಯಲ್ಲಿ ಇಂದೂತಾಯಿಗೆ ಅರವತ್ತು ತುಂಬುವುದಿತ್ತು. ಪುಣೆಯಲ್ಲೇ ದೊಡ್ಡ ಸಭಾಗೃಹ, ರವಿವಾರ ಬೆಳಿಗ್ಗೆ ಎಂಟಕ್ಕೆ ಕಚೇರಿ, ಶಾಲು, ಗ್ರಂಥ, ಭಾಷಣಗಳು. ತಳೇಗಾಂವದಂಥದ್ದು ಇಲ್ಲಿ ಆದರೆ ನಲವತ್ತು ವರ್ಷದ ಹೆಸರು ಒಂದು ಮುಂಜಾನೆಯಲ್ಲಿ ಹೋದ ಹಾಗೆ. ವಾರ ಮೊದಲು ವಿನೀತ ಚನ್ನವೀರನ ಮನೆಗೆ ಬಂದ.

"ಕಾಕಾ, ತಾಯಿ ಹೇಳ್ಯಾರ. ಪೆಟ್ಟಿಗಿ ಹಿಂದ ನೀವ ಕೂಡಬೇಕಂತ. ಅಕಸ್ಮಾತ್ ಲೈಟ್ ಹೋಗಿ ಬ್ಯಾಟರೀನೂ ಕೈಕೊಟ್ರ ತಂಬೂರಿ ಹಿಡಕೊಂಡು ಕೂತುಬಿಡ್ರಿ. ನಾ ಮುಂದ ಕೂತು ಶೂಟಿಂಗ್ ಮಾಡ್ತೇನಿ."

ರೇಣು ಚಹಾದ ಕಪ್ಪು ಇಡುತ್ತ, "ಅಂದ್ರ ನಮ್ಮನಿಯವರು ಈಗ ಜನರೇಟರ್ ಆದ್ರು ಅನ್ನು" ಎಂದಳು. ವಿನೀತ ನಕ್ಕ, ಚಹಾ ಕುಡಿದ. ಹೊರಡುವ ಮುಂದೆ ಹೊಸ್ತಿಲಲ್ಲಿ ನಿಂತು ಕೇಳಿದ.

"ಕಾಕಾ, ಒಂದು ಕೇಳ್ಲೇನು? ನೀವು ಇದ್ದಾಗ ಒಮ್ಮೆನೂ ಹಂಗ ಆಗಲಿಲ್ಲಲಾ. ಯಾಕ?"

ಹೇಳಿಬಿಡಬಹುದಿತ್ತು. ಹನ್ನೆರಡು ವರ್ಷದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. "ಹವಾ ಚೊಲೋ ಇತ್ತು" ಎಂದ ಚನ್ನವೀರ.

ಆದರೆ ಆ ವಾರವಿಡೀ ಅವನಿಗೆ ಸಿಟ್ಟು ಬರುತ್ತಲೇ ಇತ್ತು. ಬಟ್ಟೆ ಅಳೆಯುವಾಗ ಎಳೆದೆಳೆದು ಅಳೆದ, ಮಾಲೀಕನೇ ಬೆರಗಾಗುವಷ್ಟು. ಎಂಟು ಸೆಕೆಂಡು ಹಿಂಡಿಕೊಂಡು ಹೊರಗೆ ಹಾಕಿದರು, ಈಗ ಕರೆಂಟು ಹೋದರೆ ಇರಲಿ ಎಂದು ಕರೆಯುತ್ತಾರೆ. ಕರೆಂಟು ಹೋಗದಿರಲಿ. ಪೆಟ್ಟಿಗೆ ನುಡಿಯಲಿ, ತಾಯಿ ಇಳಿಯಲಿ, ಪುಣೆಯ ಶ್ಯಾಣ್ಯಾ ಮಂದಿಗೆಲ್ಲ ಕೇಳಿಸಲಿ. ತಾನು ಕೈ ಕಟ್ಟಿ ಕೂಡುತ್ತೇನೆ. ಯಾರು ಯಾರನ್ನು ಹೊತ್ತಿದ್ದರೆಂದು ಗೊತ್ತಾಗಲಿ. ಹೀಗೆ ನಿಶ್ಚಯಿಸಿಕೊಂಡೇ ಅವನು ರವಿವಾರ ಬೆಳಿಗ್ಗೆ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು ಹೊರಟ.

ವೇದಿಕೆಯ ಮೇಲೆ ಅವನ ಹಳೆಯ ಜಾಗವೇ. ತಂಬೂರಿ ಬಟ್ಟೆಯ ಗವಸಣಿಗೆಯೊಳಗೆ ಪಕ್ಕದಲ್ಲಿ ಮಲಗಿತ್ತು, ಎದುರಿಗೆ ಪೆಟ್ಟಿಗೆ ಮಿನುಗುತ್ತಿತ್ತು. ವಿನೀತ ಆ ದೊಡ್ಡ ಗುಂಡಿ ಅಲುಗದ ಹಾಗೆ ಅದಕ್ಕೆ ಅಡ್ಡ ಒಂದು ಪಟ್ಟಿ ಟೇಪು ಅಂಟಿಸಿ, "ಇದನ್ನೊಂದು ಮುಟ್ಟಬ್ಯಾಡ್ರಿ ಕಾಕಾ, ಪ್ಲೀಸ್" ಎಂದು ಹೇಳಿ ಕೆಳಗಿಳಿದ. ಇಂದೂತಾಯಿ ತೋಡಿ ರಾಗ ಎತ್ತಿಕೊಂಡರು. ಮೊದಲ ಅರ್ಧ ತಾಸು ಎಷ್ಟು ಚೆನ್ನಾಗಿ ಹಾಡಿದರೆಂದರೆ ಚನ್ನವೀರನಿಗೆ ಸಿಟ್ಟು ಮಾಡಿಕೊಂಡು ಕೂಡುವುದೇ ಕಷ್ಟವಾಯಿತು.

ಆಮೇಲೆ ಸಂದಿ ಬಿತ್ತು. ಅವನಿಗಿಂತ ಮೊದಲು ಅದನ್ನು ಯಾರೂ ಕೇಳಲಾರರು. ಅವನು ಕೈ ಕಟ್ಟಿಕೊಂಡ. ಸಂದಿ ಅಗಲವಾಯಿತು. ಪ್ರಲ್ಹಾದನ ಸುತ್ತಿಗೆ ಮೇಲೆದ್ದಿತು. ಮೊದಲ ಸಾಲಿನಲ್ಲಿ ವಿಮರ್ಶಕ, ಅಂದು ವಡಾಕ್ಕೆ ಇನ್ನೂ ಎದ್ದಿರದವನು, ತಲೆಯೆತ್ತಿ ನೋಡಿದ. ಇಂದೂತಾಯಿಯ ಬೆನ್ನು ಚನ್ನವೀರನ ಎದುರಿಗಿತ್ತು. ರವಿಕೆ ಬೆವರಿಗೆ ಅಂಟಿಕೊಂಡಿತ್ತು. ಭುಜಗಳು ಕಿವಿಯ ಹತ್ತಿರ ಏರುತ್ತಿದ್ದವು. ಮೇಲೆ ಹತ್ತಲು ಒದ್ದಾಡುತ್ತಿದ್ದರು, ಗಂಟಲು ಬರುತ್ತಿರಲಿಲ್ಲ. ಅಷ್ಟರಲ್ಲಿ ಅವರು ತಿರುಗಿ ನೋಡಿದರು. ಹದಿನಾರು ವರ್ಷದಲ್ಲಿ ಹಾಡುವಾಗ ಒಮ್ಮೆಯೂ ಹಿಂದೆ ತಿರುಗದವರು, ತಿರುಗಿ ನೋಡಿದರು. ಕಣ್ಣಿನಲ್ಲಿ ಅಪ್ಪಣೆ ಇರಲಿಲ್ಲ, ಗುರುತನ ಇರಲಿಲ್ಲ. ಅರವತ್ತು ವರ್ಷದ ಒಬ್ಬ ಹೆಂಗಸಿನ ಹೆದರಿಕೆ ಇತ್ತು, ಅಷ್ಟೇ.

ಚನ್ನವೀರನ ಸಿಟ್ಟು ಅಲ್ಲಿಗೇ ಸತ್ತಿತು. ಉಗುರಿನಿಂದ ಟೇಪು ಎಬ್ಬಿಸಿದ, ಬೆರಳಿಟ್ಟ, ಎರಡು ಉಸಿರು ತೆಗೆದುಕೊಳ್ಳುವಷ್ಟು ಹೊತ್ತಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ನಾಲ್ಕೂ ತಂತಿಗಳನ್ನು ಅವರಿದ್ದಲ್ಲಿಗೆ ಇಳಿಸಿದ. ದನಿ ಬೆರೆಯಿತು. ಭುಜಗಳು ಇಳಿದವು. ಮುಂದಿನ ಒಂದೂವರೆ ತಾಸು ಅವನ ಬೆರಳು ಗುಂಡಿಯನ್ನು ಬಿಡಲಿಲ್ಲ. ಅವರು ಇಳಿದಾಗ ಇಳಿಸಿದ, ಬಿಸಿಯೇರಿ ಒಮ್ಮೆ ಮೇಲೆ ಹೋದಾಗ ಹಿಂದೆಯೇ ಏರಿಸಿದ. ಜರ್ಮನಿಯಲ್ಲಿ ಆ ಗುಂಡಿ ಮಾಡಿದವನು ಅದು ಇಂಥ ಕೆಲಸಕ್ಕೆ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಪರಂಪರೆಯೂ ವಿಜ್ಞಾನವೂ ಕೈಹಿಡಿದು ನಡೆಯುವ ಬಗ್ಗೆ ಮೂರು ಭಾಷಣಗಳಾದವು. ಮನುಷ್ಯನ ಕೈ ನಡುಗೀತು, ಯಂತ್ರ ನಡುಗದು ಎಂದು ವಿಮರ್ಶಕ ಮೈಕಿನಲ್ಲಿ ಹೇಳಿದ. ವಿನೀತನಿಗೆ ಶಾಲು ಹೊದಿಸಿದರು. ಪ್ರಲ್ಹಾದನಿಗೆ ಹಾರ. ಚನ್ನವೀರನಿಗೆ ಯಾರೋ ಒಂದು ತೆಂಗಿನಕಾಯಿ ಕೊಟ್ಟು, ಇದನ್ನು ತಾಯಿಯವರ ರಿಕ್ಷಾದಲ್ಲಿ ಇಡು ಎಂದರು. ಮರುದಿನದ ಪತ್ರಿಕೆಯಲ್ಲಿ ದೊಡ್ಡ ಫೋಟೋ ಬಂತು. ಈ ಸಲ ಪೆಟ್ಟಿಗೆಯ ಮುಚ್ಚಳ ಎತ್ತಿದ್ದರಿಂದ ಕಿವಿಯೂ ಕಾಣಲಿಲ್ಲ. ರೇಣು ಅದನ್ನು ಕತ್ತರಿಸಲಿಲ್ಲ.

ಆದರೆ ಅದು ಮರುದಿನದ ಮಾತು. ಅಂದು ಮಧ್ಯಾಹ್ನ ಸದಾಶಿವ ಪೇಠೆಗೆ ಹೋಗುವ ರಿಕ್ಷಾದಲ್ಲಿ ಇಂದೂತಾಯಿ, ಹಾರಗಳು, ತೆಂಗಿನಕಾಯಿ, ನಡುವೆ ಅಡ್ಡಲಾಗಿ ಗವಸಣಿಗೆಯ ತಂಬೂರಿ, ಅದನ್ನು ಹಿಡಿದುಕೊಂಡು ಚನ್ನವೀರ. ತಾಯಿ ರಸ್ತೆ ನೋಡುತ್ತಲೇ ಕೇಳಿದರು.

"ಇವತ್ತ ಎಷ್ಟ ಇಳಿಸಿದಿ?"

"ಏನ್ರಿ ಅಕ್ಕಾವ್ರ?"

"ಷಡ್ಜ."

ಚನ್ನವೀರನ ಕೈಯೊಳಗಿನ ತಂಬೂರಿ ಜಾರಿ ಮೊಣಕಾಲಿಗೆ ತಾಗಿತು. ಸುಳ್ಳು ಹೇಳಲು ನೋಡಿದ, ಬರಲಿಲ್ಲ. "ಎರಡು ಕೂದಲೆಳಿ ಆಗಬಹುದ್ರಿ" ಎಂದ. ಇನ್ನೂ ಸ್ವಲ್ಪ ದೂರ ಹೋದ ಮೇಲೆ ಧೈರ್ಯ ಮಾಡಿ, "ನಿಮಗ ಗೊತ್ತಿತ್ತಂದ್ರ ಮತ್ತ ಆ ಪೆಟ್ಟಿಗಿ ಯಾಕ ಇಟ್ಕೊಂಡ್ರಿ?" ಎಂದು ಕೇಳಿದ.

"ನೀ ಇಲ್ಲದ ನಾ ನಿಲ್ತೇನೇನು ಅಂತ ಒಮ್ಮೆ ನೋಡಬೇಕಾಗಿತ್ತು. ತಳೇಗಾಂವದಾಗ ನೋಡಿದೆ." ಹಾರದಿಂದ ಒಂದು ಶೇವಂತಿಗೆ ಕಿತ್ತು ಬೆರಳಲ್ಲಿ ಹೊಸಕಿದರು. "ನಾಳೆ ಬರೂಮುಂದ ಹೊಸಾ ತಂತಿ ತಗೊಂಡ ಬಾ. ಖರ್ಜದ್ದು ಭಾಳ ಹಳೇದಾಗೇದ. ಆ ಹುಡುಗಗ ನಾ ಹೇಳ್ತೇನಿ."

"ಆತ್ರಿ."

ರಿಕ್ಷಾ ಅವರ ವಾಡೆಯ ಓಣಿಗೆ ತಿರುಗಿತು. ಇಂದೂತಾಯಿ ಇಳಿಯಲು ಸೆರಗು ಸರಿಮಾಡಿಕೊಂಡರು.

"ಎರಡಲ್ಲ, ಮೂರು ಇಳಿಸಿದಿ" ಎಂದರು. "ಲೋಣಾವಳಾದಾಗ ಒಂದ ಇತ್ತು."